ಇಂಜಿನಿಯರ್ ಕೆಲ್ಸ ಬಿಟ್ಟು ಪಾಠಕ್ಕೆ ಇಳಿದೋರು ಯಾರಾದ್ರೂ ಇದೀರಾ?

ನಾನು ಮೆಕ್ಯಾನಿಕಲ್ ಬಿಇ, ಮನೆ ಕೋಲಾರ, ನರಸಾಪುರದಲ್ಲಿ ಫ್ಯಾಕ್ಟ್ರಿ ಕೆಲ್ಸ. ಅಕ್ಕನ ಮಗಳಿಗೆ ಮ್ಯಾಥ್ಸ್ ಹೇಳ್ಕೊಡ್ತಾ ಹೇಳ್ಕೊಡ್ತಾ ಇದನ್ನೇ ಮಾಡ್ಬೇಕು ಅನ್ನಿಸ್ಬಿಟ್ಟಿದೆ. ಬಿಎಡ್ ಬೇಕೇ ಬೇಕಾ? ಒಬ್ಬೊಬ್ರನ್ನೇ ಕೂರಿಸ್ಕೊಂಡು ಮೆಂಟರಿಂಗ್ ಥರ ಮಾಡಿದ್ರೆ ಹೊಟ್ಟೆ ತುಂಬುತ್ತಾ? ಅನುಭವ ಇರೋರು ಹೇಳಿ.

ಬಂಗಾರಪೇಟೆಯಿಂದ:
ಯಾವ ಕ್ಲಾಸಿಗೆ ಅನ್ನೋದು ಮೊದ್ಲು ತೀರ್ಮಾನ ಮಾಡ್ಕೊಳಿ ಸಾರ್. ಪಾಲಿಟೆಕ್ನಿಕ್ ಲೆಕ್ಚರರ್‌ಗೆ ಫಸ್ಟ್ ಕ್ಲಾಸ್ ಬಿಇ ಸಾಕು, ಇಂಜಿನಿಯರಿಂಗ್ ಕಾಲೇಜಾದ್ರೆ ಎಂಟೆಕ್ ಬೇಕು. ಸ್ಕೂಲಾದ್ರೆ ಬಿಎಡ್, ಈಗ ಎರಡು ವರ್ಷ, ಬಿಇ ಮಾಡಿದೋರಿಗೆ 55 ಪರ್ಸೆಂಟ್ ಕೇಳ್ತಾರೆ. 6ರಿಂದ 8ನೇ ಕ್ಲಾಸಿಗೆ ಟಿಇಟಿ (ಟೀಚರ್ ಅರ್ಹತಾ ಪರೀಕ್ಷೆ) ಎರಡನೇ ಪೇಪರ್, ಜನರಲ್‌ಗೆ 150ಕ್ಕೆ 90 ಬರ್ಬೇಕು. ಅದು ಬರೀ ಅರ್ಹತೆ, ಪಾಸಾದ ತಕ್ಷಣ ಕೆಲ್ಸ ಸಿಕ್ತು ಅನ್ಕೋಬೇಡಿ.

ಕೆಜಿಎಫ್‌ನಿಂದ:
ಎಲೆಕ್ಟ್ರಾನಿಕ್ಸ್ ಓದಿ ಬೆಂಗ್ಳೂರ್ ಕಂಪ್ನಿಗೆ ಮಾರಿಕುಪ್ಪಂ ಟ್ರೈನಲ್ಲಿ ಓಡಾಡಿ ಸಾಕಾಗಿ ಪಾಠಕ್ಕೆ ಬಂದೋನು ನಾನು. ಒಂದು ಮಾತು, ಚೆನ್ನಾಗಿ ವಿವರಿಸೋದು ಬೇರೆ, ಹುಡ್ಗ ಎಲ್ಲಿ ಸಿಕ್ಕಾಕ್ಕೊಂಡಿದಾನೆ ಅಂತ ಹುಡುಕೋದು ಬೇರೆ, ಮೆಂಟರಿಂಗ್ ಅಂದ್ರೆ ಎರಡನೇದು, ನಮ್ಮಂಥೋರಿಗೆ ಮೊದಲನೇದ್ರ ಮೇಲೇ ಪ್ರೀತಿ ಜಾಸ್ತಿ. ಹತ್ತನೇ ಕ್ಲಾಸಿನೋನು ವರ್ಗಸಮೀಕರಣ ಬರಲ್ಲ ಅಂತ ಬರ್ತಾನೆ, ನೋಡಿದ್ರೆ ಸೂತ್ರ ಗಟ್ಟಿಯಾಗೇ ಇರುತ್ತೆ, ಬಿ ಜಾಗದಲ್ಲಿ ಮೈನಸ್ 5 ಹಾಕಿ ಅದ್ರ ಸ್ಕ್ವೇರ್ ಮೈನಸ್ 25 ಅಂತ ಬರೆದಿರ್ತಾನೆ. ಇವನಿಗೆ ಬೇಕಿರೋದು ಪೂರ್ಣಾಂಕದ ಗುಣಾಕಾರ, ವರ್ಗಸಮೀಕರಣ ಎಷ್ಟು ಸಲ ಹೇಳಿದ್ರೂ ಏನ್ ಬಂತು? ಅದಕ್ಕೇ ಪೆನ್ನು ಅವನ ಕೈಲೇ ಇರ್ಲಿ, ಲೆಕ್ಕ ಮಾಡ್ತಾ ಬಾಯ್ಬಿಟ್ಟು ಹೇಳ್ಲಿ, ನೀವು ಸುಮ್ನಿರಿ (ಇದೇ ಕಷ್ಟ ಕಣ್ರೀ). ತಪ್ಪಾದ ಲೆಕ್ಕನ ಅಳಿಸೋಕೆ ಬಿಡ್ಬೇಡಿ, ಮುಂದಿನ ವಾರ ಅದನ್ನೇ ಅಂಕಿ ಬದಲಾಯಿಸಿ ಕೊಡಿ.

ದುಡ್ಡಿನ ವಿಷ್ಯ, ಒಬ್ಬೊಬ್ರಿಗೇ ಮಾಡ್ತೀನಿ ಅಂದ್ರೆ ನಮ್ಮೂರ ಫೀಸಲ್ಲಿ ಮನೆ ನಡೆಯಲ್ಲ. ನಾಲ್ಕೈದು ಜನ ಕೂತ್ಕೊಂಡು ಒಬ್ಬೊಬ್ರು ಬೇರೆ ಬೇರೆ ಲೆಕ್ಕ ಮಾಡ್ತಿರ್ತಾರೆ, ನಾನು ಸುತ್ತ ಓಡಾಡ್ತಿರ್ತೀನಿ, ಅದು ನಡೆಯುತ್ತೆ. ಸ್ಕೂಲಿಗೆ ಸೇರ್ಕೊಂಡು ಸಂಜೆ ಟ್ಯೂಷನ್ ಅಂತ ಪ್ಲಾನ್ ಇದ್ರೆ ಆರ್‌ಟಿಇ (ಶಿಕ್ಷಣ ಹಕ್ಕು) ಕಾಯ್ದೆ 28ನೇ ಸೆಕ್ಷನ್ ಓದ್ಕೊಳಿ, ಟೀಚರ್ ಆದೋರು ಪ್ರೈವೇಟ್ ಟ್ಯೂಷನ್ ಮಾಡಂಗಿಲ್ಲ ಅಂತಿದೆ. ಯಾರ್ ಕೇಳ್ತಾರೆ ಅನ್ನೋರು ಸಿಗ್ತಾರೆ, ನಾನಂತೂ ಒಂದನ್ನೇ ಆರಿಸ್ಕೊಂಡೆ.

ಚಿಂತಾಮಣಿಯಿಂದ:
ನಾನು ಟೀಚರ್ ಅಲ್ಲ, ಪಿಯು ಓದೋ ಮಗಳ ತಾಯಿ. ಅವಳಿಗೆ ಹೇಳ್ಕೊಡೋ ಮೇಷ್ಟ್ರೂ ಇಂಜಿನಿಯರೇ. 'ಗೊತ್ತಾಯ್ತಾ' ಅಂತ ಕೇಳ್ಬೇಡಿಪ್ಪಾ, ಮಕ್ಳು ಹೂಂ ಅಂದ್ಬಿಡ್ತಾರೆ. ಮಾರ್ಕ್ಸ್ ಎಷ್ಟು ಅಂತ ಫೋನ್ ಮಾಡೋ ಬದ್ಲು ಯಾವ ಪಾಠ ಕೈ ಕೊಡ್ತಿದೆ ಅಂತ ಹೇಳಿದ್ರೆ ನಮಗೂ ಉಪಯೋಗ.

ಕೇಳಿದವರು:
ಎಲ್ರಿಗೂ ಥ್ಯಾಂಕ್ಸ್. ನಂದು ಶಿಫ್ಟ್ ಕೆಲ್ಸ, ಸಂಜೆ ದಿನಾ ಸಿಗಲ್ಲ, ಹೆಂಗೆ ಶುರು ಮಾಡ್ಲಿ?

ಕೆಜಿಎಫ್‌ನಿಂದ:
ಭಾನುವಾರ ಬೆಳಿಗ್ಗೆ ಇಬ್ಬರನ್ನ ಕೂರಿಸ್ಕೊಳಿ, ಒಬ್ರು ಹೊರಗಿನೋರ ಮಕ್ಳಾಗಿರ್ಲಿ, ಅಕ್ಕನ ಮಗಳು ನಿಮ್ಮನ್ನ ಬೈಯಲ್ಲ. ಈ ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಗಿಯೋವರ್ಗೂ ರಾಜೀನಾಮೆ ಬರೀಬೇಡಿ.