ಸರ್ಟಿಫಿಕೇಟಿನಲ್ಲಿ ವಲಯ 87, ಮೂಟೆಯ ಚೀಟಿಯಲ್ಲಿ 34: ಈ ಫಿಶ್‌ಮೀಲ್ ಬಳಸಬಹುದಾ?

ಖರೀದಿ_ಗುಮಾಸ್ತ

ಎಲ್ಲರಿಗೂ ನಮಸ್ಕಾರ. ನಾನು ಒಂದು ಸಣ್ಣ ಫೀಡ್ ಮಿಲ್ಲಿನಲ್ಲಿ ಖರೀದಿ ನೋಡಿಕೊಳ್ಳುತ್ತೇನೆ. ಸಾಕಣೆ ಮೀನಿಗೆ ಪೆಲೆಟ್ ಮಾಡುತ್ತೇವೆ. ಹನ್ನೊಂದು ವರ್ಷ ಆಯಿತು. ಇಷ್ಟು ವರ್ಷ ಫಿಶ್‌ಮೀಲ್ (ಒಣಗಿಸಿ ಅರೆದ ಮೀನಿನ ಪುಡಿ) ಲೋಡ್ ಬಂದರೆ ನಾನು ನೋಡುತ್ತಿದ್ದದ್ದು ಪ್ರೋಟೀನ್ ಎಷ್ಟು, ತೇವ ಎಷ್ಟು, ಕಮಟು ವಾಸನೆ ಇದೆಯಾ, ಅಷ್ಟೇ. ಈ ಮೀನು ಯಾವ ಸಮುದ್ರದ್ದು ಅಂತ ಒಂದು ದಿನವೂ ಕೇಳಿದವನಲ್ಲ.

ಈಗ ನಮ್ಮ ಗಿರಾಕಿ ಫಾರ್ಮ್ ಒಂದು ಎಎಸ್‌ಸಿ (ಜವಾಬ್ದಾರಿಯಿಂದ ಮೀನು ಸಾಕುವ ಫಾರ್ಮಿಗೆ ಕೊಡುವ) ಸರ್ಟಿಫಿಕೇಟ್ ಮಾಡಿಸಿಕೊಳ್ಳಲು ಹೊರಟಿದೆ. ಪ್ರತಿ ಲಾಟಿಗೂ ಮೀನಿನ ಜಾತಿ ಯಾವುದು, ಎಲ್ಲಿ ಹಿಡಿದದ್ದು, ಕಾಗದ ಕೊಡಿ ಅಂತ ಅವರು ಬೆನ್ನು ಬಿದ್ದಿದ್ದಾರೆ. ನಮಗೆ ಮಾಲು ಕೊಡುವ ಮಧ್ಯವರ್ತಿಯನ್ನು ಕೇಳಿದೆ. ಹತ್ತೇ ನಿಮಿಷ, ವಾಟ್ಸಾಪಿನಲ್ಲಿ ಮರೈನ್‌ಟ್ರಸ್ಟ್ (ಫಿಶ್‌ಮೀಲಿನ ಮೂಲ ಸರಿಯಿದೆ ಅನ್ನುವ) ಸರ್ಟಿಫಿಕೇಟಿನ ಫೋಟೋ ಬಂತು. ಲೋಗೋ, ಸಹಿ, ತಾರೀಖು, ಎಲ್ಲಾ ಇದೆ. ಪೆರುವಿನ ಆಂಚೊವೆಟಾ ಅನ್ನುವ ಸಣ್ಣ ಮೀನು, ಎಫ್‌ಎಒ (ವಿಶ್ವಸಂಸ್ಥೆಯ ಆಹಾರ ಸಂಸ್ಥೆ) ಗುರುತಿಸಿದ ಕಡಲ ವಲಯ 87 ಅಂತ ಬರೆದಿದೆ.

ಸುಮ್ನೆ ಇರಲಾರದೆ ಗೋದಾಮಿಗೆ ಹೋದೆ. ಮೂಟೆಯ ಬಾಯಿಗೆ ಹೊಲಿದ ಚೀಟಿಗಳಲ್ಲಿ ಅರ್ಧಕ್ಕರ್ಧ ಹರಿದಿವೆ. ನೆಟ್ಟಗಿದ್ದ ಒಂದನ್ನು ಉಜ್ಜಿ ಓದಿದೆ. ಸಾರ್ಡಿನೆಲ್ಲಾ, ವಲಯ 34. ಪಕ್ಕದ ಮೂಟೆ ನೋಡಿದೆ, ಅಲ್ಲೂ 34.

ಮ್ಯಾನೇಜರ್ "ಸರ್ಟಿಫಿಕೇಟ್ ಬಂತಲ್ಲ, ಫೈಲಿಗೆ ಹಾಕಿ" ಅಂದರು. ನನಗೆ ಕೈ ಬರುತ್ತಿಲ್ಲ. ಇದು ಬರೀ ಕ್ಲರಿಕಲ್ ತಪ್ಪಾ, ಅಥವಾ ಇನ್ನೇನಾದರೂ ಇದೆಯಾ? ತಿಳಿದವರು ಹೇಳಿ.

ಹಳೇ_ಆಡಿಟರ್

ಗುಮಾಸ್ತರೇ, ಫೈಲಿಗೆ ಹಾಕಬೇಡಿ.

87 ಅಂದರೆ ದಕ್ಷಿಣ ಅಮೆರಿಕದ ಪಶ್ಚಿಮ ಕರಾವಳಿಯ ಕಡಲು. 34 ಅಂದರೆ ಪಶ್ಚಿಮ ಆಫ್ರಿಕಾ ಕಡೆಯ ಅಟ್ಲಾಂಟಿಕ್. ಬೆರಳು ತಪ್ಪಿ ಟೈಪಾಗಿದ್ದರೆ ಸಂಖ್ಯೆ ಒಂದೇ ತಪ್ಪಾಗಬೇಕಿತ್ತು. ಇಲ್ಲಿ ಮೀನಿನ ಹೆಸರೂ ಬದಲಾಗಿದೆಯಲ್ಲ. ಸರ್ಟಿಫಿಕೇಟ್ ಅಸಲಿಯೇ ಇರಬಹುದು. ಆದರೆ ಅದು ನಿಮ್ಮ ಮೂಟೆಯದ್ದಲ್ಲ. ಯಾರದ್ದೋ ಲೈಸೆನ್ಸ್ ಜೇಬಲ್ಲಿಟ್ಟುಕೊಂಡು ಗಾಡಿ ಓಡಿಸಿದ ಹಾಗೆ.

ಮರೈನ್‌ಟ್ರಸ್ಟ್ ಸರ್ಟಿಫಿಕೇಟ್ ಸಿಗುವುದು ಕಾರ್ಖಾನೆಗೆ. 2009ರಲ್ಲಿ ಐಎಫ್‌ಎಫ್‌ಒ ಆರ್‌ಎಸ್ ಅಂತ ಶುರುವಾದದ್ದು ಇದೇ, 2020ರಲ್ಲಿ ಹೆಸರು ಬದಲಾಯಿತು. ಇಂಥ ಕಾರ್ಖಾನೆ, ಇಂಥ ಮೀನು, ಇಂಥ ವಲಯ ಅಂತ ಅದರಲ್ಲಿ ಪಟ್ಟಿ ಇರುತ್ತದೆ. ಪಟ್ಟಿಯಲ್ಲಿಲ್ಲದ ಮೀನನ್ನು ಅದೇ ಕಾರ್ಖಾನೆಯಲ್ಲಿ ಅರೆದರೂ ಆ ಪುಡಿ ಸರ್ಟಿಫೈಡ್ ಅಲ್ಲ. ಇನ್ನು ಅಲ್ಲಿಂದ ನಿಮ್ಮ ಗೋದಾಮಿನ ತನಕ ಮೂಟೆ ಬಿಚ್ಚಿ, ಬೆರೆಸಿ, ಮತ್ತೆ ತುಂಬುವವರು ಯಾರೇ ಇದ್ದರೂ ಅವರಿಗೆ ಚೈನ್ ಆಫ್ ಕಸ್ಟಡಿ (ಮಾಲು ಕೈಯಿಂದ ಕೈಗೆ ಹೋಗುವಾಗ ಬೆರಕೆ ಆಗಿಲ್ಲ ಅನ್ನುವ) ಸರ್ಟಿಫಿಕೇಟ್ ಬೇರೆ ಬೇಕು. ನಿಮ್ಮ ಮಧ್ಯವರ್ತಿ ಹೊಸ ಮೂಟೆಗೆ ತುಂಬುತ್ತಾನಾ ಅಂತ ಮೊದಲು ಕೇಳಿ. ಸರ್ಟಿಫೈಡ್ ಕಾರ್ಖಾನೆಗಳ ಪಟ್ಟಿ ಮರೈನ್‌ಟ್ರಸ್ಟ್ ವೆಬ್‌ಸೈಟಿನಲ್ಲಿ ಎಲ್ಲರಿಗೂ ಸಿಗುತ್ತದೆ. ವಾಟ್ಸಾಪ್ ಫೋಟೋ ಬಿಟ್ಟು ಅದನ್ನು ನೋಡಿ. ಹುಡುಕುವಾಗ ಒಂದು ಎಚ್ಚರ: "ಇಂಪ್ರೂವರ್ ಪ್ರೋಗ್ರಾಂ" ಅಂತ ಕಂಡರೆ ಅದು ಸರ್ಟಿಫಿಕೇಟ್ ಅಲ್ಲ, ಸುಧಾರಿಸಿಕೊಳ್ಳುತ್ತಿದ್ದೇವೆ ಅನ್ನುವ ಒಪ್ಪಂದ. ಎರಡನ್ನೂ ಒಂದೇ ಅಂತ ಮಾರುವವರಿದ್ದಾರೆ.

ನಾನು ಆಡಿಟ್‌ಗೆ ಹೋಗುತ್ತಿದ್ದಾಗ ಲೋಗೋ ನೋಡುತ್ತಿದ್ದದ್ದು ಕೊನೆಗೆ. ಮೊದಲು ಕೇಳುತ್ತಿದ್ದದ್ದು ತೂಕದ ಚೀಟಿಗಳ ಕಟ್ಟು. ಮೀನಿನಲ್ಲಿ ಬಹುಪಾಲು ನೀರೇ. 100 ಟನ್ ಹಸಿ ಮೀನು ಬೇಯಿಸಿ, ಹಿಂಡಿ, ಒಣಗಿಸಿದರೆ ಪುಡಿ ಸಿಗುವುದು 22ರಿಂದ 24 ಟನ್. ಒಂದು ಕಾರ್ಖಾನೆಯಲ್ಲಿ ಕೂತು ಒಂದು ತಿಂಗಳ ಚೀಟಿ ಕೂಡಿದೆ. ಒಪ್ಪಿಗೆ ಪಡೆದ ಮೀನು ಒಳಗೆ ಬಂದದ್ದು 400 ಟನ್. ಸರ್ಟಿಫೈಡ್ ಅಂತ ಹೊರಗೆ ಹೋದ ಪುಡಿ 131 ಟನ್. ಬೆಂದ ಮೀನು ಮರಿ ಹಾಕಲ್ಲ, ಅಲ್ವಾ? ಅಲ್ಲಿನ ಮ್ಯಾನೇಜರ್ ಕ್ಯಾಲ್ಕುಲೇಟರ್ ಕೆಟ್ಟಿರಬೇಕು ಅಂದರು. ಇನ್ನೊಂದು ತರಿಸಿದರು. ಅದೂ 131 ಅಂದಿತು.

ನೀವು ಕಾರ್ಖಾನೆ ತನಕ ಹೋಗಲಾರಿರಿ, ಗೊತ್ತು. ಮೂಟೆಯ ಲಾಟ್ ನಂಬರ್ ಬರೆದು ಸರ್ಟಿಫಿಕೇಟಿನಲ್ಲಿರುವ ಕಾರ್ಖಾನೆಗೇ ನೇರ ಮೇಲ್ ಹಾಕಿ. ಇದು ನಿಮ್ಮದಾ ಅಂತ ಒಂದೇ ಪ್ರಶ್ನೆ ಕೇಳಿ ಸಾಕು.

ಕೊಳದ_ದಂಡೆ

ನಾನು ಫೀಡ್ ಕೊಳ್ಳುವ ಕಡೆಯವನು. ನನ್ನದೊಂದು ತಕರಾರಿದೆ.

ಆ ಸಾರ್ಡಿನೆಲ್ಲಾಗೆ ನಾಳೆ ಸರಿಯಾದ ಕಾಗದವೇ ಬಂದರೂ ನನಗೆ ಬೇಡ. ಅದು ಬೂತಾಯಿಯ ನೆಂಟ. ಸೆನೆಗಲ್, ಗ್ಯಾಂಬಿಯಾ, ಮೌರಿಟಾನಿಯಾ ಕಡೆ ಜನ ತಿನ್ನುವ ಅಗ್ಗದ ಮೀನು ಅದೇ. ಹೆಂಗಸರು ಹೊಗೆ ಹಾಕಿ, ಒಣಗಿಸಿ ಮಾರುವುದೂ ಅದನ್ನೇ. ಫಿಶ್‌ಮೀಲ್ ಕಾರ್ಖಾನೆಗಳು ಬಂದ ಮೇಲೆ ದಡಕ್ಕೆ ಬಂದ ಮೀನಿಗೆ ಅವರು ಕಾರ್ಖಾನೆಯ ಜೊತೆ ಪೈಪೋಟಿ ಮಾಡಬೇಕು. ಕಡಲಲ್ಲಿ ಮೀನು ಎಷ್ಟು ಉಳಿದಿದೆ ಅಂತ ಅಳೆಯುವುದು ಒಂದು. ಹಿಡಿದ ಮೀನು ಯಾರ ಬಾಯಿಗೆ ಹೋಗಬೇಕಿತ್ತು ಅನ್ನುವುದು ಇನ್ನೊಂದು. ನೀವೆಲ್ಲ ಮೊದಲನೆಯದನ್ನೇ ಹಿಡಿದು ಕೂತಿದ್ದೀರಿ.

ಹಳೇ_ಆಡಿಟರ್

ಒಪ್ಪಿದೆ. ಆದರೆ ಮೊದಲನೆಯದೂ ನೀವು ಅಂದುಕೊಂಡಷ್ಟು ಸುಲಭ ಇಲ್ಲ.

ಈಶಾನ್ಯ ಅಟ್ಲಾಂಟಿಕ್‌ನ ಬ್ಲೂ ವೈಟಿಂಗ್ ನೋಡಿ. ಫೀಡಿಗೆ ಹೋಗುವ ದೊಡ್ಡ ಮೀನುಗಾರಿಕೆ. ವರ್ಷಕ್ಕೆ ಇಷ್ಟೇ ಹಿಡಿಯಿರಿ ಅಂತ ವಿಜ್ಞಾನಿಗಳು ಹೇಳುತ್ತಾರೆ. ಸುತ್ತಲಿನ ದೇಶಗಳು ಹೂಂ ಅನ್ನುತ್ತವೆ. ಪಾಲು ಹಂಚುವಾಗ ಮಾತ್ರ ಹೊಂದಾಣಿಕೆ ಆಗಲ್ಲ. ಒಬ್ಬೊಬ್ಬರೂ ತಮ್ಮ ಪಾಲು ತಾವೇ ಬರೆದುಕೊಂಡರು, ಕೂಡಿದರೆ ಸಲಹೆ ಮೀರಿತು. 2020ರ ಡಿಸೆಂಬರ್‌ನಲ್ಲಿ ಅದರ ಎಂಎಸ್‌ಸಿ (ಕಡಲ ಮೀನುಗಾರಿಕೆಗೆ ಕೊಡುವ) ಸರ್ಟಿಫಿಕೇಟುಗಳು ಅಮಾನತಾದವು. ಮ್ಯಾಕೆರೆಲ್‌ಗೆ 2019ರಲ್ಲೇ ಹಾಗೆ ಆಗಿತ್ತು. ಮೀನು ಮುಗಿದುಹೋಯಿತು ಅಂತಲ್ಲ, ಅಣ್ಣತಮ್ಮಂದಿರ ಪಾಲಿನ ಜಗಳ.

ಪೆರುವಿನ ಕಥೆ ಬೇರೆ. 2023ರಲ್ಲಿ ಉತ್ತರ-ಮಧ್ಯ ಭಾಗದ ಆಂಚೊವೆಟಾ ಮೊದಲ ಸೀಸನ್ನನ್ನೇ ರದ್ದು ಮಾಡಿದರು. ಬಲೆಗೆ ಮರಿಗಳೇ ಜಾಸ್ತಿ ಬೀಳುತ್ತಿದ್ದವು. ಅಲ್ಲಿ 12 ಸೆಂಟಿಮೀಟರಿಗಿಂತ ಸಣ್ಣದು ಮರಿ ಲೆಕ್ಕ. ದೋಣಿಗಳು ದಡದಲ್ಲೇ ಉಳಿದವು. ಫೀಡ್ ಮಾಡುವವರಿಗೆ ಉಸಿರು ಕಟ್ಟಿತು ನಿಜ, ಆದರೂ ನಾನು ಆ ನಿರ್ಧಾರಕ್ಕೆ ಯಾವ ಲೋಗೋಗಿಂತಲೂ ಜಾಸ್ತಿ ಬೆಲೆ ಕೊಡುತ್ತೇನೆ.

ಪ್ರೆಸ್_ಕೇಕ್

ನಾನು ಪುಡಿ ಕಾರ್ಖಾನೆಯಲ್ಲಿ ಡ್ರೈಯರ್ ನೋಡಿಕೊಳ್ಳುತ್ತಿದ್ದವನು. ಕೊಳದವರ ತಕರಾರಿಗೆ ಒಂದು ದಾರಿ ಇದೆ. ಜನ ತಿನ್ನುವ ಮೀನನ್ನು ಕೊಯ್ದ ಮೇಲೆ ಉಳಿಯುವ ತಲೆ, ಮುಳ್ಳು, ಕರುಳಿನಿಂದ ಮಾಡಿದ ಪುಡಿ ತಗೊಳ್ಳಿ. ಜಗತ್ತಿನ ಫಿಶ್‌ಮೀಲಿನಲ್ಲಿ ಸುಮಾರು ಮೂರನೇ ಒಂದು ಭಾಗ ಈಗ ಅದರಿಂದಲೇ ಬರುತ್ತದೆ. ಮುಳ್ಳು ಜಾಸ್ತಿ, ಹಾಗಾಗಿ ಬೂದಿ ಅಂಶ ಜಾಸ್ತಿ, ಪ್ರೋಟೀನ್ ಸ್ವಲ್ಪ ಕಡಿಮೆ. ಫಾರ್ಮುಲಾದಲ್ಲಿ ಸರಿದೂಗಿಸಬಹುದು.

ಆದರೆ ಅಲ್ಲೂ ಜಾತಿಯ ಹೆಸರು ಕೇಳಿ. "ಮಿಕ್ಸ್" ಅಂತ ಬರೆದಿದ್ದರೆ ವಾಪಸ್ ಕಳಿಸಿ. ತಲೆ ಯಾವ ಮೀನಿನದ್ದು ಅಂತ ಕೊಯ್ದವನಿಗೆ ಗೊತ್ತಿರುತ್ತದೆ, ಬರೆಯಲು ಸೋಮಾರಿತನ ಅಷ್ಟೇ. ಕೆಲವೊಮ್ಮೆ ಸೋಮಾರಿತನವೂ ಅಲ್ಲ.

ಖರೀದಿ_ಗುಮಾಸ್ತ

ಆಡಿಟರ್ ಸಾರ್, ನೀವು ಹೇಳಿದ ಹಾಗೆ ಮಾಡಿದೆ. ಕಾರ್ಖಾನೆಯಿಂದ ಎರಡೇ ಸಾಲಿನ ಉತ್ತರ ಬಂತು. ಸರ್ಟಿಫಿಕೇಟ್ ನಮ್ಮದು, ಲಾಟ್ ನಂಬರ್ ನಮ್ಮದಲ್ಲ.

ಮಧ್ಯವರ್ತಿಗೆ ಫೋನ್ ಮಾಡಿದರೆ ಅವನಿಗೆ ಗಾಬರಿಯೂ ಇಲ್ಲ. "ಇಷ್ಟು ದಿನ ಯಾರೂ ಚೀಟಿ ಓದಿರಲಿಲ್ಲ ಸಾರ್" ಅಂದ. ಮ್ಯಾನೇಜರ್‌ಗೆ ಮೇಲ್ ತೋರಿಸಿದೆ. ಬಹಳ ಹೊತ್ತು ಓದಿದರು. ಆಮೇಲೆ "ಈ 34 ಮ್ಯಾಪಿನಲ್ಲಿ ಎಲ್ಲಿ ಬರುತ್ತೆ ತೋರಿಸ್ರಿ" ಅಂದರು. ತೋರಿಸಿದೆ. ಉಳಿದ ಪ್ಯಾಲೆಟ್‌ಗಳಿಗೆ ಕೆಂಪು ಟೇಪ್ ಸುತ್ತಿಸಿ ಮೂಲೆಗೆ ಇಡಿಸಿದ್ದಾರೆ.

ಒಂದೇ ತೊಂದರೆ. ಎರಡು ಪ್ಯಾಲೆಟ್ ಆಗಲೇ ಮಿಕ್ಸರ್‌ಗೆ ಹೋಗಿ ಪೆಲೆಟ್ ಆಗಿ ಆ ಫಾರ್ಮಿಗೇ ತಲುಪಿದೆ. ಮೀನು ಅರ್ಧ ತಿಂದೂ ಆಗಿರಬಹುದು. ಅವರಿಗೆ ಹೇಳಬೇಕಾ?

ಹಳೇ_ಆಡಿಟರ್

ಇವತ್ತೇ ಹೇಳಿ. ಫೋನಲ್ಲಿ ಬೇಡ, ಲಾಟ್ ನಂಬರ್ ಸಮೇತ ಬರೆದು ಕೊಡಿ. ಆ ಹರಿದ ಚೀಟಿಗಳನ್ನು ಬಿಸಾಡಬೇಡಿ.