ಮೌಂಟನ್ ಬೈಕ್: ಮಂಡಿ ನೋವು, ಅಂಗೈ ಜೋಮು, ಫ್ರೇಮ್ ದೊಡ್ಡದಾಯ್ತಾ?

ಪ್ರಶ್ನೆ: ಸರ್, ಹೊಸ ಮೌಂಟನ್ ಬೈಕ್. ಒಂದು ಗಂಟೆ ತುಳಿದರೆ ಸಾಕು, ಮಂಡಿಯ ಮುಂಭಾಗ ನೋಯುತ್ತದೆ, ಅಂಗೈ ಜೋಮು ಹಿಡಿಯುತ್ತದೆ. ಕೂತಲ್ಲೇ ಎರಡೂ ಪಾದ ನೆಲಕ್ಕೆ ಊರುವ ಹಾಗೆ ಸೀಟು ಇಟ್ಟಿದ್ದೇನೆ. ಹ್ಯಾಂಡಲ್ ದೂರ ಅನ್ನಿಸಿ ಸೀಟನ್ನು ಮುಂದಕ್ಕೂ ತಳ್ಳಿದ್ದೇನೆ. ಫ್ರೇಮೇ ದೊಡ್ಡದಾಯ್ತಾ?

ಉತ್ತರ: ಫ್ರೇಮ್ ಮೇಲೆ ಈಗಲೇ ಅನುಮಾನ ಬೇಡ. ಕೂತಲ್ಲೇ ಎರಡೂ ಪಾದ ಊರುತ್ತವೆ ಅಂದರೆ ಸೀಟು ತುಂಬಾ ಕೆಳಗಿದೆ. ಪ್ರತಿ ಸುತ್ತಿಗೂ ಮಂಡಿ ಜಾಸ್ತಿ ಮಡಚುತ್ತದೆ, ಮುಂಭಾಗದ ನೋವು ಹೆಚ್ಚಾಗಿ ಅಲ್ಲಿಂದಲೇ. ಬೈಕನ್ನು ಗೋಡೆ ಪಕ್ಕ ನಿಲ್ಲಿಸಿ, ಗೋಡೆಗೆ ಕೈಯೂರಿ ಹತ್ತಿ ಕೂತು, ಓಡಿಸುವಾಗ ಹಾಕುವ ಶೂನಲ್ಲೇ ಹಿಮ್ಮಡಿಯನ್ನು ಪೆಡಲ್ ಮೇಲಿಟ್ಟು ಹಿಂದಕ್ಕೆ ತುಳಿಯಿರಿ. ಪೆಡಲ್ ತೀರಾ ಕೆಳಗೆ ಬಂದಾಗ ಕಾಲು ನೆಟ್ಟಗಾಗಬೇಕು, ಸೊಂಟ ಮಾತ್ರ ಆ ಕಡೆ ಈ ಕಡೆ ವಾಲಬಾರದು. ಆಮೇಲೆ ಪಾದದ ಮುಂಭಾಗದಿಂದ ತುಳಿದರೆ ಮಂಡಿಯಲ್ಲಿ ಸುಮಾರು 25ರಿಂದ 35 ಡಿಗ್ರಿ ಬಾಗು ತಾನಾಗಿ ಉಳಿಯುತ್ತದೆ. ಸೀಟ್ ಪೋಸ್ಟ್ (ಸೀಟನ್ನು ಹೊತ್ತ ಕೊಳವೆ) ಮೇಲೆ, ಕನಿಷ್ಠ ಎಷ್ಟು ಒಳಗಿರಬೇಕು ಅನ್ನುವ ಮಿನಿಮಮ್ ಗೆರೆ ಇರುತ್ತದೆ, ಅದು ಫ್ರೇಮಿನ ಒಳಗೇ ಇರಲಿ. ಹೊರಗೆ ಕಂಡರೆ ಉದ್ದದ ಪೋಸ್ಟ್ ಬೇಕು, ಸುಮ್ನೆ ರಿಸ್ಕ್ ತಗೋಬೇಡಿ.

ಇನ್ನು ಜೋಮು. ಹ್ಯಾಂಡಲ್ ಎಟುಕಲಿ ಅಂತ ಎಲ್ಲರೂ ಮಾಡುವುದು ಇದನ್ನೇ, ಸೀಟನ್ನು ಮುಂದಕ್ಕೆ ತಳ್ಳುವುದು. ಆದರೆ ಕೂರುವ ಜಾಗ ಮುಂದೆ ಬಂದಷ್ಟೂ ಮೈಭಾರ ಕೈಗಳ ಮೇಲೆ ಬೀಳುತ್ತದೆ. ಸೀಟನ್ನು ಮತ್ತೆ ಅದರಡಿಯ ಹಳಿಯ (ಕಂಬಿಗಳ) ನಡುವಿಗೆ ತನ್ನಿ, ಅದರ ಮೂತಿ ಕೆಳಗೆ ಬಾಗಿದ್ದರೆ ಮಟ್ಟ ಮಾಡಿ. ಅಷ್ಟಾದ ಮೇಲೂ ಹ್ಯಾಂಡಲ್ ದೂರ ಅನ್ನಿಸಿದರೆ ಸ್ಟೆಮ್ (ಹ್ಯಾಂಡಲನ್ನು ಹಿಡಿದಿರುವ ತುಂಡು) ಮೇಲಿರುವ ಉಂಗುರದಂಥ ಸ್ಪೇಸರ್‌ಗಳನ್ನು ಅದರ ಕೆಳಗೆ ಹಾಕಿ ಹ್ಯಾಂಡಲ್ ಎತ್ತರಿಸಿ, ಇಲ್ಲವೇ ಗಿಡ್ಡ ಸ್ಟೆಮ್ ಹಾಕಿಸಿ. ಬ್ರೇಕ್ ಲಿವರ್‌ಗಳನ್ನೂ ನೋಡಿಕೊಳ್ಳಿ, ಬೆರಳಿಟ್ಟಾಗ ಮಣಿಕಟ್ಟು ಮುಂಗೈಗೆ ನೇರವಾಗಿರಲಿ.

ಪ್ರಶ್ನೆ: ಸೀಟು ಅಷ್ಟು ಮೇಲಿದ್ದರೆ ನಿಲ್ಲಿಸುವಾಗ ಬೀಳ್ತೀನಿ ಅಲ್ವಾ? ಇಳಿಜಾರಲ್ಲಿ ಇನ್ನೂ ಭಯ.

ಉತ್ತರ: ನಿಲ್ಲಿಸುವಾಗ ಸೀಟಿನ ಮೇಲೆ ಕೂತೇ ಇರಬೇಡಿ, ಮುಂದಕ್ಕೆ ಜಾರಿ ಒಂದು ಕಾಲು ಊರಿ. ಇಳಿಜಾರಿನ ಭಯ ಮಾತ್ರ ನ್ಯಾಯವೇ. ಕಲ್ಲುದಾರಿಯಲ್ಲಿ ಪೆಡಲ್ ಮೇಲೆ ನಿಂತು ಇಳಿಯುವಾಗ ಎತ್ತರದ ಸೀಟು ಅಡ್ಡ ಬರುತ್ತದೆ, ಡ್ರಾಪರ್ ಪೋಸ್ಟ್ (ಓಡಿಸುತ್ತಲೇ ಸೀಟನ್ನು ಇಳಿಸಿ ಎತ್ತಬಹುದಾದ ಪೋಸ್ಟ್) ಇರುವುದೇ ಅದಕ್ಕೆ. ಅದಿಲ್ಲದಿದ್ದರೆ ಪೋಸ್ಟಿಗೆ ಟೇಪ್ ಸುತ್ತಿ ಗುರುತು ಮಾಡಿ. ಇಳಿಯುವ ಮುಂಚೆ ಸೀಟು ಇಳಿಸಿ, ಆಮೇಲೆ ಅದೇ ಗುರುತಿಗೆ ಎತ್ತಿ.

ಎಲ್ಲವನ್ನೂ ಒಂದೇ ದಿನ ಬದಲಿಸಬೇಡಿ, ಯಾವುದರಿಂದ ಏನಾಯ್ತು ಗೊತ್ತಾಗುವುದಿಲ್ಲ. ಮೊದಲು ಸೀಟಿನ ಎತ್ತರ. ಎತ್ತಿದ ಮೇಲೆ ಮಂಡಿಯ ಹಿಂಭಾಗ ನೋಯಲು ಶುರುವಾದರೆ ಜಾಸ್ತಿ ಎತ್ತಿದ್ದೀರಿ, 5 ಮಿಲಿಮೀಟರ್ ಇಳಿಸಿ ನೋಡಿ.