ಮಗಳಿಗೆ ಐಸ್ ಹಾಕಿ ಸ್ಕೇಟ್: 4ನೇ ಸಂಖ್ಯೆ ಪಕ್ಕದಲ್ಲಿ ಒತ್ತುತ್ತದೆ, 5 ಸಡಿಲ, ಯಾವುದನ್ನು ಇಟ್ಟುಕೊಳ್ಳಲಿ?

ಪ್ರಶ್ನೆ
ಕ್ಯಾತ್ಸಂದ್ರದ ತಂದೆ, ತುಮಕೂರು

ಎಲ್ಲರಿಗೂ ನಮಸ್ಕಾರ. ನನ್ನ ಮಗಳಿಗೆ ಈಗ ಹನ್ನೊಂದು ವರ್ಷ. ನಾಲ್ಕು ವರ್ಷಗಳಿಂದ ಕಾಂಕ್ರೀಟ್ ಅಂಗಳದಲ್ಲಿ, ಒಂದೇ ಸಾಲಿನಲ್ಲಿ ಚಕ್ರಗಳಿರುವ ಸ್ಕೇಟ್ ಕಟ್ಟಿಕೊಂಡು, ಇನ್‌ಲೈನ್ ಹಾಕಿ ಆಡುತ್ತಿದ್ದಾಳೆ. ಬರುವ ಜನವರಿಯಲ್ಲಿ ಲೇಹ್‌ನಲ್ಲಿ ಮೂರು ವಾರಗಳ ಐಸ್ ಹಾಕಿ ತರಬೇತಿಗೆ ಹೋಗುವ ಅವಕಾಶ ಅವಳಿಗೆ ಸಿಕ್ಕಿದೆ. 2025ರಲ್ಲಿ ಅಲ್ ಐನ್‌ನಲ್ಲಿ ನಡೆದ ಏಷ್ಯಾ ಕಪ್‌ನಲ್ಲಿ ನಮ್ಮ ಮಹಿಳಾ ತಂಡ ಕಂಚು ಗೆದ್ದ ಸುದ್ದಿ ಬಂದ ದಿನದಿಂದ ಮನೆಯಲ್ಲಿ ಬೇರೆ ಮಾತೇ ಇಲ್ಲ.

ಇಲ್ಲಿಯವರೆಗೆ ಅವಳು ಹಾಕಿಕೊಳ್ಳುತ್ತಿದ್ದದ್ದು ಪ್ಲಾಸ್ಟಿಕ್ ಬಕಲ್ ಇರುವ ಸಾಧಾರಣ ಇನ್‌ಲೈನ್ ಸ್ಕೇಟ್. ಐಸ್ ಹಾಕಿಯ ಸ್ಕೇಟನ್ನು ನಮ್ಮ ಮನೆಯವರು ಯಾರೂ ಕೈಯಲ್ಲಿ ಹಿಡಿದು ನೋಡಿದವರಲ್ಲ. ಕಳೆದ ವಾರ ಬೆಂಗಳೂರಿನ ಒಂದು ಕ್ರೀಡಾ ಸಾಮಗ್ರಿ ಅಂಗಡಿಗೆ ಹೋಗಿದ್ದೆವು. ಅವಳ ಶಾಲೆಯ ಬೂಟು ನಮ್ಮ ಲೆಕ್ಕದ 4ನೇ ಸಂಖ್ಯೆಯದು. ಅದೇ ಸಂಖ್ಯೆಯ ಸ್ಕೇಟ್ ತೊಡಿಸಿದಾಗ ಕಿರುಬೆರಳಿನ ಪಕ್ಕದಲ್ಲಿ ಒತ್ತುತ್ತದೆ ಎಂದು ಮುಖ ಕಿವುಚಿದಳು. ಅಂಗಡಿಯವರು ಕೂಡಲೇ 5ನೇ ಸಂಖ್ಯೆಯದನ್ನು ತಂದು, "ಬೆಳೆಯುವ ಮಗು, ಎರಡು ವರ್ಷ ನಿಶ್ಚಿಂತೆ" ಎಂದರು. ಶಾಲೆಯ ಸಮವಸ್ತ್ರವನ್ನು ಎರಡು ಬೆರಳು ದೊಡ್ಡದಾಗಿಯೇ ಹೊಲಿಸುವ ಜನ ನಾವು, ಆದ್ದರಿಂದ ಆ ಮಾತು ನನಗೂ ಸರಿಯೆನಿಸಿ ಕೊಂಡು ತಂದೆ. ಮನೆಯಲ್ಲಿ ಕಟ್ಟಿ ನಿಲ್ಲಿಸಿದರೆ ಗಿಣ್ಣು ಒಳಕ್ಕೆ ವಾಲುತ್ತಿದೆ. ಹತ್ತು ದಿನದೊಳಗೆ ಬದಲಾಯಿಸಿಕೊಳ್ಳಬಹುದು, ಬ್ಲೇಡಿಗೆ ಮಾತ್ರ ಏನೂ ಮಾಡಿಸಿರಬಾರದು ಎಂದು ಬಿಲ್ಲಿನ ಮೇಲೆ ಬರೆದಿದೆ.

ಪಾದದ ಉದ್ದ ಎಡಕ್ಕೆ 22.6, ಬಲಕ್ಕೆ 22.9 ಸೆಂಟಿಮೀಟರ್. ದಪ್ಪ ಕಾಲುಚೀಲ ಹಾಕಿ 5ನ್ನೇ ಉಳಿಸಿಕೊಳ್ಳಬಹುದೇ? ಅನುಭವ ಇರುವವರು ದಯವಿಟ್ಟು ತಿಳಿಸಿ.

ಉತ್ತರ 1
ನಂದಿಬೆಟ್ಟದ ತಪ್ಪಲು, ಚಿಕ್ಕಬಳ್ಳಾಪುರ

ಸರ್, ದಪ್ಪ ಕಾಲುಚೀಲದ ಯೋಚನೆಯನ್ನು ಈಗಲೇ ಬಿಟ್ಟುಬಿಡಿ. ನಾವು ಒಂಬತ್ತು ವರ್ಷ ಕೆನಡಾದಲ್ಲಿದ್ದು ಊರಿಗೆ ಮರಳಿದವರು. ಇಬ್ಬರು ಗಂಡುಮಕ್ಕಳಿಗೆ ಬೆಳಗಿನ ಜಾವ ಐದಕ್ಕೆ ಎದ್ದು ಸ್ಕೇಟಿನ ಲೇಸು ಬಿಗಿದು ಬಿಗಿದು ನನ್ನ ಬೆರಳುಗಳು ಸವೆದಿವೆ. ನೀವು ಮಾಡಿದ ತಪ್ಪನ್ನೇ ದೊಡ್ಡವನ ವಿಷಯದಲ್ಲಿ ನಾನೂ ಮಾಡಿದ್ದೆ. ಆ ವರ್ಷ ಅವನು ಆಡಿದ್ದಕ್ಕಿಂತ ಹಿಮ್ಮಡಿಯ ಬೊಬ್ಬೆಗೆ ಪಟ್ಟಿ ಹಾಕಿಸಿಕೊಂಡದ್ದೇ ಹೆಚ್ಚು.

ಮೊದಲು ಸಂಖ್ಯೆಯ ಗೊಂದಲ. ನಮ್ಮ ಅಂಗಡಿಗಳ ಬೂಟಿನ ಪೆಟ್ಟಿಗೆಯ ಮೇಲೆ ಸಾಮಾನ್ಯವಾಗಿ ಇರುವುದು ಬ್ರಿಟನ್ ಅಳತೆ, ಅಮೆರಿಕದ ಅಳತೆ ಅದಕ್ಕಿಂತ ಅರ್ಧದಿಂದ ಒಂದರಷ್ಟು ಹೆಚ್ಚು. ಬೌವರ್, ಸಿಸಿಎಂ ಮುಂತಾದ ಕಂಪನಿಗಳ ಹಾಕಿ ಸ್ಕೇಟಿನ ಸಂಖ್ಯೆ ಅಮೆರಿಕದ ಬೂಟಿನ ಸಂಖ್ಯೆಗಿಂತ ಒಂದರಿಂದ ಒಂದೂವರೆ ಕಡಿಮೆ ಇರುತ್ತದೆ. ಹಾಗಾಗಿ ನಮ್ಮ 4 ಅಲ್ಲಿ ಸುಮಾರು 5 ಆಗಿ, ಸ್ಕೇಟಿನಲ್ಲಿ ಮತ್ತೆ ಮೂರೂವರೆಗೋ ನಾಲ್ಕಕ್ಕೋ ಬಂದು ನಿಲ್ಲುತ್ತದೆ. ಹೆಂಗಸರ ಬೂಟಿಗೆ ಅಮೆರಿಕದಲ್ಲಿ ಬೇರೆಯೇ ಸಂಖ್ಯೆಯ ಸಾಲಿದೆ. ಅದನ್ನು ಹಿಡಿದು ಲೆಕ್ಕ ಹಾಕಿದರೆ ಎಲ್ಲವೂ ತಲೆಕೆಳಗಾಗುತ್ತದೆ. ಆಯಾ ಕಂಪನಿಯ ಪಟ್ಟಿಯಲ್ಲಿರುವ ಸೆಂಟಿಮೀಟರ್ ಸಾಲನ್ನು ನೋಡುವುದೇ ಕ್ಷೇಮ. ಅಳತೆಯನ್ನು ಸಂಜೆ ತೆಗೆಯಿರಿ, ಏಕೆಂದರೆ ದಿನವಿಡೀ ನಡೆದ ಪಾದ ಸ್ವಲ್ಪ ಊದಿರುತ್ತದೆ. ಎರಡರಲ್ಲಿ ದೊಡ್ಡ ಪಾದವೇ ಲೆಕ್ಕಕ್ಕೆ.

ಇನ್ನು ನಿಮ್ಮ ಮಗಳ ದೂರನ್ನು ಗಮನವಿಟ್ಟು ಓದಿದರೆ, ಬೆರಳ ತುದಿ ಒತ್ತುತ್ತದೆ ಎಂದು ಅವಳು ಎಲ್ಲಿಯೂ ಹೇಳಿಲ್ಲ, ಪಕ್ಕ ಒತ್ತುತ್ತದೆ ಎಂದಿದ್ದಾಳೆ. ಮನೆಯಲ್ಲಿ ಬರಿಗಾಲು, ಹೊರಗೆ ಚಪ್ಪಲಿ ಎಂದು ಬೆಳೆದ ನಮ್ಮ ಮಕ್ಕಳ ಪಾದ ಮುಂಭಾಗದಲ್ಲಿ ಹರಡಿಕೊಂಡಿರುವುದು ಸಾಮಾನ್ಯ, ಹಿಮ್ಮಡಿ ಮಾತ್ರ ಸಣ್ಣದು. ಅಂಥ ಪಾದಕ್ಕೆ ಉದ್ದದ ಬೂಟು ಕೊಟ್ಟರೆ ಮುಂದಿನ ನೋವು ಹೋಗುತ್ತದೆ, ಅದರ ಬೆನ್ನಿಗೇ ಹಿಮ್ಮಡಿಯ ಹಿಡಿತವೂ ಹೋಗುತ್ತದೆ. ಬೇಕಾದದ್ದು ಅಗಲ. ಬೌವರ್‌ನವರು 2020ರಿಂದ ಪಾದದ ಗಾತ್ರಕ್ಕೆ ತಕ್ಕಂತೆ ಫಿಟ್ 1, 2, 3 ಎಂದು ವಿಂಗಡಿಸಿದ್ದಾರೆ, ಮೂರನೆಯದು ಎಲ್ಲಕ್ಕಿಂತ ಅಗಲ ಮತ್ತು ಆಳವಾದದ್ದು. ಸಿಸಿಎಂನವರು ಟೇಪರ್ಡ್, ರೆಗ್ಯುಲರ್, ವೈಡ್ ಎನ್ನುತ್ತಾರೆ. ಅಂಗಡಿಯವರ ಹತ್ತಿರ ಒಂದೇ ಅಗಲದ ದಾಸ್ತಾನು ಇದ್ದಿರಬೇಕು. ಇಲ್ಲದಿದ್ದರೆ 4 ಒತ್ತಿತೆಂದು ಒಮ್ಮೆಗೇ 5ಕ್ಕೆ ಹಾರುವ ಕಾರಣ ನನಗೆ ಕಾಣುವುದಿಲ್ಲ.

ಮನೆಯಲ್ಲಿಯೇ ಹೀಗೆ ಪರೀಕ್ಷಿಸಿ. ಲೇಸನ್ನು ಪೂರ್ತಿ ಸಡಿಲಿಸಿ, ತೆಳ್ಳನೆಯ ಕಾಲುಚೀಲದಲ್ಲಿ ಪಾದವನ್ನು ಬೆರಳು ತಾಗುವವರೆಗೆ ಮುಂದಕ್ಕೆ ತಳ್ಳಿಸಿ, ಹಿಮ್ಮಡಿಯ ಹಿಂದೆ ನಿಮ್ಮ ಬೆರಳು ಇಳಿಸಿ. ಬೆಳೆಯುವ ಮಗುವಿಗೆ ಒಂದು ಬೆರಳು ಬಿಗಿಯಾಗಿ ಇಳಿದರೆ ಅದೇ ಕೊನೆಯ ಮಿತಿ, ಎರಡು ಇಳಿದರೆ ಆ ಸ್ಕೇಟನ್ನು ಹಿಂದಿರುಗಿಸಿ. ಬಳಿಕ ಹಿಮ್ಮಡಿಯನ್ನು ನೆಲಕ್ಕೆ ಎರಡು ಸಲ ಕುಟ್ಟಿಸಿ ಹಿಂದಕ್ಕೆ ಕೂರಿಸಿ, ಲೇಸು ಬಿಗಿದು ನಿಲ್ಲಿಸಿ. ನೆಟ್ಟಗೆ ನಿಂತಾಗ ಬೆರಳ ತುದಿ ಮುಂದಿನ ಗಟ್ಟಿ ಟೊಪ್ಪಿಗೆಗೆ ಹಗುರವಾಗಿ ಸವರಬೇಕು, ಆಡುವ ಭಂಗಿಯಲ್ಲಿ ಮಂಡಿ ಬಗ್ಗಿಸಿದ ಕೂಡಲೇ ಸ್ವಲ್ಪ ಹಿಂದೆ ಸರಿಯಬೇಕು. ಬೆರಳು ಮಡಚಿಕೊಂಡರೆ ಚಿಕ್ಕದಾಯಿತು.

ಆಳ ನೋಡಲು ಒಂದು ಪೆನ್ಸಿಲ್ ಸಾಕು. ಲೇಸು ಬಿಗಿಯದೆ, ನಾಲಿಗೆಯನ್ನು ಮುಂದಕ್ಕೆ ಎಳೆದಿಟ್ಟು, ಮೇಲಿನಿಂದ ಮೂರನೆಯ ಜೋಡಿ ಲೇಸಿನ ತೂತುಗಳ ಮೇಲೆ ಅದನ್ನು ಅಡ್ಡಲಾಗಿ ಇಡಿ. ಎರಡೂ ಅಂಚಿನ ಮೇಲೆ ಸಮನಾಗಿ ಕೂತರೆ ಆಳ ಸರಿ ಇದೆ. ಪಾದದ ಮೇಲೆ ಕೂತು ತೂಗಾಡಿದರೆ ಬೂಟು ಆಳ ಸಾಲದು ಎಂದರ್ಥ, ಅಂಥದ್ದನ್ನು ಕಟ್ಟಿಕೊಂಡು ಆಡಿದರೆ ಗಿಣ್ಣಿನ ಮುಂಭಾಗದಲ್ಲಿ ಲೇಸು ಕಚ್ಚಿ ತಿಂಗಳುಗಟ್ಟಲೆ ನೋಯುತ್ತದೆ.

ಉತ್ತರ 2
ನಿವೃತ್ತ ಹವಾಲ್ದಾರ್, ಕೋಲಾರ

ಮೇಡಂ ಬೂಟಿನ ವಿಷಯವನ್ನು ಚೆನ್ನಾಗಿ ವಿವರಿಸಿದ್ದಾರೆ. ನಾನು ಬ್ಲೇಡಿನ ವಿಷಯ ಹೇಳುತ್ತೇನೆ. ಲೇಹ್‌ನಲ್ಲಿ ಎರಡು ಚಳಿಗಾಲ ಕರ್ತವ್ಯದಲ್ಲಿದ್ದಾಗ ನಮ್ಮ ಘಟಕದ ಆಟಗಾರರ ಸಾಮಗ್ರಿ ನೋಡಿಕೊಳ್ಳುವ ಕೆಲಸ ನನ್ನದಾಗಿತ್ತು. ಹಿಂದೆ ಸೇನೆಯ ಬೂಟಿನ ಅಡಿಗೆ ಕಬ್ಬಿಣದ ಪಟ್ಟಿ ಜೋಡಿಸಿಕೊಂಡು ಆಡುತ್ತಿದ್ದರು ಎಂದು ಅಲ್ಲಿನ ಹಿರಿಯರು ಹೇಳುತ್ತಿದ್ದರು, ಈಗ ಆ ಕಾಲವಿಲ್ಲ.

ಹೊಸ ಸ್ಕೇಟ್ ಸಾಮಾನ್ಯವಾಗಿ ಸಾಣೆ ಹಿಡಿಯದೆಯೇ ಬರುತ್ತದೆ ಎಂಬುದು ಅನೇಕರಿಗೆ ತಿಳಿದಿಲ್ಲ. ಮಗು ಮಂಜುಗಡ್ಡೆಯ ಮೇಲೆ ಕಾಲಿಟ್ಟೊಡನೆ ಜಾರಿ ಬೀಳುತ್ತದೆ, ದೊಡ್ಡವರು ಅದನ್ನು ಅಂಜಿಕೆ ಎಂದುಕೊಳ್ಳುತ್ತಾರೆ. ಸುಮಾರು 3 ಮಿಲಿಮೀಟರ್ ದಪ್ಪದ ಆ ಉಕ್ಕಿನ ತಳವು ಚಾಕುವಿನಂತೆ ಒಂದೇ ಅಲಗಲ್ಲ. ನಡುವೆ ಉದ್ದಕ್ಕೂ ಸಣ್ಣ ಕಾಲುವೆಯಂತಹ ತಗ್ಗು, ಅದರ ಎರಡು ಬದಿಗೆ ಎರಡು ಅಂಚು. ಆ ತಗ್ಗು ಎಷ್ಟು ದೊಡ್ಡ ವೃತ್ತದ ತುಣುಕು ಎಂಬುದನ್ನು ಇಂಚಿನಲ್ಲಿ ಹೇಳುತ್ತಾರೆ. ಅರ್ಧ ಇಂಚು ಎಲ್ಲ ಕಡೆ ನಡೆಯುವ ಅಳತೆ. ಎಂಟರಲ್ಲಿ ಮೂರು ಇಂಚು ಎಂದರೆ ತಗ್ಗು ಇನ್ನೂ ಆಳ, ಹಿಡಿತ ಹೆಚ್ಚು. ಎಂಟರಲ್ಲಿ ಐದು ಎಂದರೆ ತಗ್ಗು ಕಡಿಮೆ, ಜಾರುವಿಕೆ ಸಲೀಸು. ಹಗುರವಾದ ಮಕ್ಕಳಿಗೆ ಮತ್ತು ಗಟ್ಟಿಯಾದ ತಣ್ಣನೆಯ ಮಂಜುಗಡ್ಡೆಗೆ ಆಳದ ತಗ್ಗು ಒಳ್ಳೆಯದು. ಲೇಹ್‌ನ ಕರ್ಜೂ ಕೆರೆಯಂತಹ ಕಡೆ ಕೊರೆಯುವ ಚಳಿಗೆ ತಾನಾಗಿಯೇ ಹೆಪ್ಪುಗಟ್ಟುವ ಮಂಜುಗಡ್ಡೆ ಕಲ್ಲಿನಂತಿರುತ್ತದೆ. ಆದರೂ ನಿಮ್ಮ ಮಗಳು ಅರ್ಧ ಇಂಚಿನಿಂದಲೇ ಆರಂಭಿಸಲಿ. ಮೊದಲ ದಿನವೇ ಹಿಡಿತ ಅತಿಯಾದರೆ ಅಡ್ಡ ತಿರುಗಿ ನಿಲ್ಲುವುದನ್ನು ಕಲಿಯುವಾಗ ಬ್ಲೇಡ್ ಸಿಕ್ಕಿಕೊಂಡು ಮುಗ್ಗರಿಸುತ್ತಾಳೆ. ಒಂದು ವಾರ ನೋಡಿ, ಕಾಲು ಜಾರುತ್ತಿದ್ದರೆ ಅಲ್ಲಿಯೇ ಆಳ ಮಾಡಿಸಬಹುದು.

ಒಂದು ಎಚ್ಚರಿಕೆ: ಬೀದಿಯಲ್ಲಿ ಚಕ್ರ ತುಳಿಯುತ್ತಾ ಚಾಕು, ಕತ್ತರಿಗೆ ಸಾಣೆ ಹಿಡಿಯುವವರ ಕೈಗೆ ಇದನ್ನು ದಯವಿಟ್ಟು ಕೊಡಬೇಡಿ. ಅವರ ಕೆಲಸದಲ್ಲಿ ತಪ್ಪಿಲ್ಲ, ಆದರೆ ಆ ಕಲ್ಲು ನಡುವಿನ ತಗ್ಗನ್ನು ಅಳಿಸಿಬಿಡುತ್ತದೆ. ಸಾಣೆಯಾದ ಮೇಲೆ ಬ್ಲೇಡನ್ನು ಮೇಲ್ಮುಖ ಮಾಡಿ ಒಂದು ನಾಣ್ಯವನ್ನು ಅಡ್ಡಲಾಗಿ ಇಟ್ಟು ನೋಡಿ. ನಾಣ್ಯ ಓರೆಯಾಗಿ ಕೂತರೆ ಒಂದು ಅಂಚು ಎತ್ತರವಾಗಿದೆ, ಮತ್ತೆ ಮಾಡಿಸಬೇಕು. ಆಡಿ ಬಂದೊಡನೆ ಒಣ ಬಟ್ಟೆಯಿಂದ ಒರೆಸಿ, ಬಟ್ಟೆಯ ಮೃದು ಕವಚ ಹಾಕಿಡಿ. ಗಟ್ಟಿ ಪ್ಲಾಸ್ಟಿಕ್ ಕವಚ ನಡೆದಾಡಲು ಮಾತ್ರ; ಅದರಲ್ಲಿಯೇ ರಾತ್ರಿ ಕಳೆದರೆ ತೇವ ನಿಂತು ತುಕ್ಕು ಹಿಡಿಯುತ್ತದೆ.

ಹಣದ ಅಡಚಣೆ ಇದ್ದರೆ ಬಳಸಿದ ಸ್ಕೇಟ್ ಕೊಳ್ಳುವುದರಲ್ಲಿ ತಪ್ಪಿಲ್ಲ. ಉಕ್ಕು ಎಷ್ಟು ಉಳಿದಿದೆ ಎಂದು ನೋಡಿದರೆ ಸಾಕು.

ಉತ್ತರ 3
ಅಮಾನಿಕೆರೆ ಸ್ಕೇಟರ್, ತುಮಕೂರು

ಕೊನೆಯ ಮಾತನ್ನು ನಾನು ಒಪ್ಪುವುದಿಲ್ಲ, ಹವಾಲ್ದಾರರು ಬೇಸರಿಸಬಾರದು. ಬಳಸಿದ ಸ್ಕೇಟಿನಲ್ಲಿ ಉಕ್ಕಿಗಿಂತ ಮೊದಲು ಬೂಟಿನ ಗಿಣ್ಣಿನ ಭಾಗ ನೋಡಬೇಕು. ಎರಡು ಕೈಯಿಂದ ಅಲ್ಲಿ ಹಿಸುಕಿದಾಗ ಹಳೆಯ ಚಪ್ಪಲಿಯ ಪಟ್ಟಿಯಂತೆ ಒಳಕ್ಕೆ ಹೋದರೆ ಅದು ಮುಗಿದ ಬೂಟು, ಉಕ್ಕು ಎಷ್ಟಿದ್ದರೂ ಪ್ರಯೋಜನವಿಲ್ಲ. ಹಾಗೆಂದು ದೊಡ್ಡ ಆಟಗಾರರು ಹಾಕುವ ಅತಿ ಗಟ್ಟಿಯಾದ, ಅತಿ ದುಬಾರಿಯಾದ ಮಾದರಿಯೂ ಹನ್ನೊಂದು ವರ್ಷದ ಮಗುವಿಗೆ ಬೇಡ. ಅವಳ ತೂಕಕ್ಕೆ ಅದು ಬಗ್ಗುವುದಿಲ್ಲ, ಮಂಡಿ ಮುಂದಕ್ಕೆ ಬಾರದೆ ನೆಟ್ಟಗೆ ನಿಂತೇ ಆಡುವ ಅಭ್ಯಾಸವಾಗುತ್ತದೆ. ನಡುದರ್ಜೆಯದು ಸಾಕು.

ನಾನು ಮಕ್ಕಳಿಗೆ ಇನ್‌ಲೈನ್ ಹಾಕಿ ಹೇಳಿಕೊಡುತ್ತೇನೆ, ಆದ್ದರಿಂದ ಇನ್ನೊಂದು ಮಾತು. ಚಕ್ರದ ಸ್ಕೇಟಿನಲ್ಲಿ ನಾಲ್ಕೂ ಚಕ್ರ ಒಟ್ಟಿಗೆ ನೆಲ ಹಿಡಿದಿರುತ್ತವೆ. ಐಸ್ ಬ್ಲೇಡ್ ಮುಂದಿನಿಂದ ಹಿಂದಕ್ಕೆ ಬಾಗಿರುವುದರಿಂದ ಒಂದು ಕ್ಷಣಕ್ಕೆ ನಡುವಿನ ಸ್ವಲ್ಪ ಭಾಗ ಮಾತ್ರ ಮಂಜುಗಡ್ಡೆಗೆ ತಾಗುತ್ತದೆ. ಹಾಗಾಗಿ ಚಕ್ರದ ಮೇಲೆ ಎಷ್ಟೇ ಪಳಗಿದವಳಾದರೂ ಮೊದಲ ಎರಡು ದಿನ ಹಿಂದಕ್ಕೋ ಮುಂದಕ್ಕೋ ತೂಗುತ್ತಾಳೆ. ಅದಕ್ಕೆ ಸ್ಕೇಟನ್ನು ದೂರಿ ಲೇಸನ್ನು ಇನ್ನಷ್ಟು ಬಿಗಿಯುವುದು, ಲೇಸನ್ನು ಗಿಣ್ಣಿಗೆ ಸುತ್ತಿ ಕಟ್ಟುವುದು ಬೇಡ. ಬೆರಳ ಕಡೆ ಸಡಿಲ, ಪಾದ ಬಾಗುವ ಜಾಗದಲ್ಲಿ ಬಿಗಿ, ಮೇಲಿನ ತೂತಿನಲ್ಲಿ ಮತ್ತೆ ತುಸು ಸಡಿಲ.

ಮೂಲ ಪ್ರಶ್ನೆ ಕೇಳಿದವರು
ಕ್ಯಾತ್ಸಂದ್ರದ ತಂದೆ, ತುಮಕೂರು

ಮೂವರಿಗೂ ಕೃತಜ್ಞತೆಗಳು. ಅಂದು ಸಂಜೆಯೇ ಪರೀಕ್ಷೆ ಮಾಡಿದೆ. 5ನೇ ಸಂಖ್ಯೆಯಲ್ಲಿ ಹಿಮ್ಮಡಿಯ ಹಿಂದೆ ನನ್ನ ಎರಡು ಬೆರಳು ಸರಾಗವಾಗಿ ಇಳಿದವು, ಮೂರನೆಯದಕ್ಕೂ ಜಾಗವಿತ್ತೋ ಏನೋ, ನೋಡುವ ಧೈರ್ಯವಾಗಲಿಲ್ಲ. ಕಾಗದದ ಮೇಲೆ ಅವಳ ಪಾದದ ಗೆರೆ ಎಳೆದುಕೊಂಡು ಶನಿವಾರ ಮತ್ತೆ ಬೆಂಗಳೂರಿಗೆ ಹೋಗಿ, ಮೊದಲಿನ ಅಂಗಡಿಯವರಲ್ಲಿ ಅಗಲದ ಮಾದರಿ ಇಲ್ಲವೆಂದು ತಿಳಿದಾಗ ಹಣ ಹಿಂಪಡೆದು, ಇನ್ನೊಂದು ಕಡೆ ಮೂರೂವರೆ ಮತ್ತು 4 ಎರಡನ್ನೂ ಅಗಲದಲ್ಲಿ ತೊಡಿಸಿ ನೋಡಿದೆವು. ಮೂರೂವರೆಯಲ್ಲಿ ಬಲಗಾಲಿನ ಹೆಬ್ಬೆರಳು ಮಡಚಿಕೊಂಡಿತು. 4ರಲ್ಲಿ ತುದಿ ಸವರಿತು, ಮಂಡಿ ಬಗ್ಗಿಸಿದಾಗ ಸರಿಯಿತು, ಪಕ್ಕದ ನೋವಿಲ್ಲ, ಪೆನ್ಸಿಲ್ ಸಮನಾಗಿ ಕೂತಿತು. ಅದನ್ನೇ ಕೊಂಡೆವು. ಅರ್ಧ ಗಂಟೆ ಅಂಗಡಿಯಲ್ಲಿಯೇ ಕಟ್ಟಿಕೊಂಡು ಕುಳಿತಳು. ಒಳಗಿನ ಗಿಣ್ಣಿನ ಮೂಳೆಯ ಮೇಲೆ ಮಾತ್ರ ಸ್ವಲ್ಪ ಒತ್ತುತ್ತದೆಯಂತೆ. ಒಲೆಯಲ್ಲಿ ಬಿಸಿ ಮಾಡಿ ಕಾಲಿಗೆ ಹೊಂದಿಸಿಕೊಡುತ್ತೇವೆ, ಮುಂದಿನ ವಾರ ಬನ್ನಿ ಎಂದಿದ್ದಾರೆ. ಅಷ್ಟಕ್ಕಾಗಿ ಇನ್ನೊಂದು ದಿನ ರಜೆ ಹಾಕುವ ಬದಲು ಮನೆಯ ಓವನ್‌ನಲ್ಲಿ ಮಾಡಬಹುದೇ?

ನಂದಿಬೆಟ್ಟದ ತಪ್ಪಲು, ಚಿಕ್ಕಬಳ್ಳಾಪುರ

ಬೇಡ ಸರ್, ರಜೆ ಹಾಕಿ. ಸ್ಕೇಟಿನ ಒಲೆ ಸುಮಾರು 80 ಡಿಗ್ರಿ ಸೆಲ್ಸಿಯಸ್‌ನಲ್ಲಿ ಗಾಳಿಯನ್ನು ಸಮನಾಗಿ ಆಡಿಸುತ್ತದೆ, ಕೆಲವೇ ನಿಮಿಷದ ಕೆಲಸ. ಮನೆಯ ಓವನ್‌ನ ಕಂಬಿ ಒಂದೇ ಕಡೆ ಕಾದು ಅಂಟು ಬಿಟ್ಟುಕೊಳ್ಳಬಹುದು, ಬಿಸಿಯ ಅಳತೆಯೂ ಮಾದರಿಯಿಂದ ಮಾದರಿಗೆ ಬದಲಾಗುತ್ತದೆ. ಬಿಸಿ ಬೂಟು ಕಟ್ಟುವಾಗ ಲೇಸನ್ನು ನೇರ ಮೇಲಕ್ಕೆ ಜಗ್ಗದೆ ಪಕ್ಕಕ್ಕೆ ಎಳೆಯಬೇಕು, ಇಲ್ಲದಿದ್ದರೆ ಮೆತ್ತಗಾದ ಬೂಟಿನಿಂದ ತೂತಿನ ಉಂಗುರಗಳು ಕಿತ್ತುಬರುತ್ತವೆ. ಕಟ್ಟಿದ ಮೇಲೆ ಹತ್ತು ಹದಿನೈದು ನಿಮಿಷ ಪಾದವನ್ನು ನೆಲಕ್ಕೆ ಸಮನಾಗಿ ಊರಿ ಕುಳಿತಿರಲಿ, ಎದ್ದು ನಡೆಯುವುದು ಬೇಡ, ಮರುದಿನದವರೆಗೆ ಆಟವೂ ಬೇಡ. ಗಿಣ್ಣಿನ ಒತ್ತು ಅದರಿಂದಲೂ ಹೋಗದಿದ್ದರೆ ಆ ಒಂದು ಜಾಗವನ್ನು ಮಾತ್ರ ಒಳಗಿನಿಂದ ಉಬ್ಬಿಸುವ ಸಾಧನ ಅಂಗಡಿಯಲ್ಲಿರುತ್ತದೆ. ಆ ಮೂಳೆಯ ಜಾಗಕ್ಕೆ ಹೊರಗಿನಿಂದ ಒಂದು ಗುರುತು ಅಂಟಿಸಿಕೊಂಡೇ ಹೋಗಿ, ಅವರಿಗೆ ಹುಡುಕುವ ಶ್ರಮ ತಪ್ಪುತ್ತದೆ. ಸಾಣೆಯನ್ನೂ ಅದೇ ದಿನ ಅರ್ಧ ಇಂಚಿಗೆ ಮಾಡಿಸಿಬಿಡಿ.